ಆಟ ಯಾರದು, ಪೊರಕೆ ಯಾರ ಕೈಲಿ?

ನಮ್ಮ ಕೇರಿಯಲ್ಲಿ ಒಂದು ಆಟವಿತ್ತು. ಅದಕ್ಕೆ ಹೆಸರಿರಲಿಲ್ಲ. ಬೆಳಿಗ್ಗೆ ಬೋರ್‌ವೆಲ್ಲಿನ ಮುಂದೆ ಬಿಂದಿಗೆಗಳ ಸಾಲು. ನಾವು, ನಮ್ಮಕ್ಕ, ಪಕ್ಕದ ಮನೆಯ ಮೂರು ಹೈಕಳು. ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮಾರಿಗುಡಿಯ ಬೇವಿನಮರದ ತನಕ ತುಳುಕಿಸದೆ ನಡೆಯಬೇಕು. ಯಾರ ಬಿಂದಿಗೆ ತುಳುಕಿತೋ ಅವರು ಸೋತರು. ಸೋತವರು ಇನ್ನೂ ಎರಡು ಬಿಂದಿಗೆ ತರಬೇಕು. ಗೆದ್ದವರು ಮನೆಗೆ ಹೋಗಿ ಪುಸ್ತಕ ಹಿಡಿಯಬಹುದು, ಇಲ್ಲವೇ ಗೋಲಿ ಹಿಡಿಯಬಹುದು.

ನಾವು ಹೆಚ್ಚುಕಮ್ಮಿ ದಿನಾಲೂ ಗೆಲ್ಲುತ್ತಿದ್ದೆವು. ಅಕ್ಕ ಹೆಚ್ಚುಕಮ್ಮಿ ದಿನಾಲೂ ಸೋಲುತ್ತಿದ್ದಳು. ನಮಗಿಂತ ಮೂರು ವರ್ಷಕ್ಕೆ ದೊಡ್ಡವಳು, ನಮಗಿಂತ ಗಟ್ಟಿಗಿತ್ತಿ, ತಲೆ ಮೇಲೊಂದು ಸೊಂಟದ ಮೇಲೊಂದು ಬಿಂದಿಗೆ ಇಟ್ಟುಕೊಂಡು ಗದ್ದೆಬದುವಿನ ಮೇಲೆ ನಡೆಯುತ್ತಿದ್ದವಳು, ಬೇವಿನಮರ ಹತ್ತಿರ ಬರುತ್ತಿದ್ದ ಹಾಗೆ ಹೇಗೆ ತುಳುಕಿಸಿಬಿಡುತ್ತಿದ್ದಳು? ನಾವು ಒಂದು ದಿನವೂ ಯೋಚನೆ ಮಾಡಲಿಲ್ಲ. ಗೆಲ್ಲುವವರಿಗೆ ಆಟದ ನಿಯಮ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಬಿ.ಎ. ಮುಗಿಸಿ ಊರಿಗೆ ಹೋದಾಗ ಕೇಳಿದೆವು. ಅಕ್ಕ ತವರಿಗೆ ಬಂದಿದ್ದಳು, ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು. "ಅವ್ವನೇ ಹೇಳಿದ್ಲು ಕಣೋ, ಅವ್ನು ಓದ್ಲಿ, ನೀನು ಸೋತ್ಕೊಂಡ್ಬಿಡು ಅಂತ" ಎಂದು ನಕ್ಕಳು. ಅವಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಮ್ಮ ಕೇರಿಯಿಂದ ಡಿಗ್ರಿ ಮಾಡಿದವರು ಎಂದು ನಮ್ಮನ್ನು ಕರೆದು ಶಾಲು ಹೊದಿಸಿದ ದಿನ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಬಾಯಲ್ಲೂ ಬರಲಿಲ್ಲ.

ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾವು ಬೇರೆಯವರ ಮನೆಯ ಆಟದ ತಪ್ಪು ಹುಡುಕುವವರಿದ್ದೇವೆ.

ನಗರಕ್ಕೆ ಬಂದ ಮೇಲೆ ಹೊಟ್ಟೆಪಾಡಿಗೆ ಟ್ಯೂಷನ್ ಹೇಳಿದೆವು. ಒಂದು ಮನೆ. ಆ ಮನೆಯ ಫ್ರಿಜ್ಜಿನ ಮೇಲೆ ಬಣ್ಣದ ಚಾರ್ಟು. ಹಾಸಿಗೆ ಮಡಿಸಿದರೆ ಒಂದು ನಕ್ಷತ್ರ, ಆಟದ ಸಾಮಾನು ಎತ್ತಿಟ್ಟರೆ ಒಂದು, ಕಸ ಗುಡಿಸಿದರೆ ಎರಡು. ಇಪ್ಪತ್ತು ನಕ್ಷತ್ರಕ್ಕೆ ಐಸ್‌ಕ್ರೀಮು. ಎಂಟು ವರ್ಷದ ಹುಡುಗ ಹಾಡು ಹಾಕಿಕೊಂಡು, ಹಾಡು ಮುಗಿಯುವುದರೊಳಗೆ ಕೋಣೆ ಗುಡಿಸುತ್ತಿದ್ದ. ತಾಯಿ ಚಪ್ಪಾಳೆ ತಟ್ಟಿ ನಕ್ಷತ್ರ ಅಂಟಿಸುತ್ತಿದ್ದರು. ನೋಡಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳೋಣ?

ಭಾನುವಾರ ಆ ಮನೆಗೆ ಮುಸುರೆ ತಿಕ್ಕಲು ಬರುವ ಹೆಂಗಸು ತನ್ನ ಮಗಳನ್ನೂ ಕರೆದುಕೊಂಡು ಬರುತ್ತಿದ್ದಳು. ಆರನೇ ಕ್ಲಾಸಿನ ಹುಡುಗಿ. ಹುಡುಗ ಗುಡಿಸಿ ಮೂಲೆಯಲ್ಲಿ ಬಿಟ್ಟ ಕಸವನ್ನು ಅವಳು ಮತ್ತೆ ಗುಡಿಸಿ ಮೊರಕ್ಕೆ ಎತ್ತುತ್ತಿದ್ದಳು. ಒಂದು ದಿನ ಚಾರ್ಟಿನ ಮುಂದೆ ನಿಂತು "ಅಣ್ಣಾ, ಇದು ಯಾಕೆ?" ಅಂದಳು. "ಕಸ ಗುಡಿಸಿದ್ದಕ್ಕೆ" ಅಂದೆವು. ಅವಳು ಚಾರ್ಟನ್ನು ನೋಡಿದಳು, ಕೈಯಲ್ಲಿದ್ದ ಪೊರಕೆಯನ್ನು ನೋಡಿದಳು, ಒಳಗೆ ಹೋದಳು. ಮುಂದೇನೂ ಕೇಳಲಿಲ್ಲ. ಅವಳು ಕೇಳದೆ ಬಿಟ್ಟ ಪ್ರಶ್ನೆಯೇ ಈ ಲೇಖನ.

ಮಕ್ಕಳಿಗೆ ಮನೆಗೆಲಸವನ್ನು ಆಟ ಮಾಡಿ ಕೊಡಿ ಎಂದು ಓದಿದವರು ಹೇಳುತ್ತಾರೆ. ಬೈದು, ಬಡಿದು ಮಾಡಿಸುವುದಕ್ಕಿಂತ ಅದು ಎಷ್ಟೋ ಮೇಲು. ನಮ್ಮ ಕೇರಿಯಲ್ಲಿ ಕೆಲಸದ ಜೊತೆಗೆ ಏಟೂ ಬರುತ್ತಿತ್ತು. ಇಡೀ ದಿನ ಗೌಡರ ಹೊಲದಲ್ಲಿ ಬಗ್ಗಿ ಬಂದ ಅವ್ವನಿಗೆ ಒಲೆ ಹತ್ತದಿದ್ದರೆ, ಕೂಸು ಅಳುತ್ತಿದ್ದರೆ, ಕೈಗೆ ಸಿಕ್ಕ ಸೌದೆಯೇ ಮಾತಾಡುತ್ತಿತ್ತು. ಅವ್ವನಿಗೆ ಹಾಡು ಹಾಕಿ ಚಪ್ಪಾಳೆ ತಟ್ಟುವ ತಾಳ್ಮೆ ಎಲ್ಲಿಂದ ಬರಬೇಕು? ತಾಳ್ಮೆಗೂ ಬಿಡುವು ಬೇಕು, ಬಿಡುವಿಗೂ ಜಮೀನು ಬೇಕು. ಹೀಗಾಗಿ ಮನೆಗೆಲಸವನ್ನು ಆಟ ಮಾಡಬಾರದು ಎಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟು: ಯಾವಾಗ ಅದು ಆಟ, ಯಾವಾಗ ಮೋಸ?

ಆಟ ಅಂದರೆ ಏನು ಎಂದು ಮಕ್ಕಳನ್ನೇ ಕೇಳಿ ನೋಡಿ. ಕುಂಟೆಬಿಲ್ಲೆ ಆಡುವ ಹುಡುಗಿಗೆ ಗೊತ್ತಿದೆ, ಚಿನ್ನಿದಾಂಡು ಆಡುವ ಹುಡುಗನಿಗೆ ಗೊತ್ತಿದೆ. ಮೊದಲನೆಯದು, "ನಾನು ಒಲ್ಲೆ" ಎಂದು ಎದ್ದು ಹೋಗಬಹುದು. ಎರಡನೆಯದು, ಸರದಿ ಇರುತ್ತದೆ. ಇವತ್ತು ಕಾಯುವವನು ನಾಳೆ ಹೊಡೆಯುತ್ತಾನೆ. ಮೂರನೆಯದು, ಆಟ ಮುಗಿದ ಮೇಲೆ ಅದರ ಲಾಭ ಆಡದವನ ಹಗೇವಿಗೆ ಹೋಗಿ ಬೀಳುವುದಿಲ್ಲ. ಈ ಮೂರೂ ಇದ್ದರೆ ಅದು ಆಟ. ಮೂರರಲ್ಲಿ ಒಂದು ತಪ್ಪಿದರೂ ಅನುಮಾನ ಪಡಬೇಕು. ಮೂರೂ ಇಲ್ಲದಿದ್ದರೆ ಅದು ದುಡಿಮೆ. ಅದಕ್ಕೆ ಆಟದ ಅಂಗಿ ತೊಡಿಸಿದ್ದಾರೆ ಅಷ್ಟೆ.

ನಮ್ಮಪ್ಪ ಒಂಬತ್ತು ವರ್ಷಕ್ಕೆ ಜೀತಕ್ಕೆ ಸೇರಿದವನು. 1976ರಲ್ಲಿ ಜೀತಪದ್ಧತಿ ರದ್ದತಿಯ ಕಾಯಿದೆ ಬಂದು ಎಂಟೊಂಬತ್ತು ವರ್ಷವಾಗಿತ್ತು. ಕಾಯಿದೆ ದಿಲ್ಲಿಯಿಂದ ಹೊರಟಿತ್ತು, ನಮ್ಮೂರಿನ ಹೆಬ್ಬಾಗಿಲಿನ ಹತ್ತಿರ ಎಲ್ಲೋ ಕೂತುಬಿಟ್ಟಿತ್ತು. ಆ ಮನೆಯಲ್ಲಿ ಅಪ್ಪನ ಜೊತೆಗೆ ಇನ್ನೊಬ್ಬ ಹುಡುಗ. ಬೆಳಕು ಹರಿಯುವ ಮುಂಚೆ ಯಜಮಾನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೆಲ್ಲದ ಚೂರು ತೋರಿಸಿ "ಯಾರ್ಲಾ ಮೊದ್ಲು ಬಾಚಾದು?" ಎನ್ನುತ್ತಿದ್ದ. ಇಬ್ಬರೂ ಸಗಣಿಗೆ ಬಿದ್ದು ಬಾಚುತ್ತಿದ್ದರು. ಮಂಕರಿ ಹೊತ್ತು ತಿಪ್ಪೆಗೆ ಓಡುತ್ತಿದ್ದರು. ಗೆದ್ದವನಿಗೆ ಬೆಲ್ಲ. ಗಂಟೆಯ ಕೆಲಸ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಉಳಿದ ಅರ್ಧ ಗಂಟೆ ಯಾರದು? ಹುಡುಗರದಲ್ಲ. ಅಷ್ಟರಲ್ಲಿ ಎತ್ತಿನ ಮೈ ತೊಳೆಯುವ ಕೆಲಸ ಕಾದಿರುತ್ತಿತ್ತು.

ಅಪ್ಪ ಇದನ್ನು ಈಗಲೂ ನಗುನಗುತ್ತಾ ಹೇಳುತ್ತಾನೆ. ಬೆಲ್ಲದ ರುಚಿ ಹೇಳುತ್ತಾನೆ. "ನಾನೇ ಕಣಪ್ಪ ಗೆಲ್ತಿದ್ದುದು" ಎನ್ನುತ್ತಾನೆ. ನಮ್ಮನ್ನು ಕಾಡುವುದು ಅದೇ. ಬೆತ್ತದ ಏಟನ್ನು ಅಪ್ಪ ಮರೆತಿಲ್ಲ, ಕ್ಷಮಿಸಿಲ್ಲ. ಬೆಲ್ಲವನ್ನು ಮಾತ್ರ ಪ್ರೀತಿಯಿಂದ ನೆನೆಯುತ್ತಾನೆ. ಬೆತ್ತ ಮೈಯನ್ನು ಆಳಿತು, ಬೆಲ್ಲ ಮನಸ್ಸನ್ನು ಆಳಿತು. ಪಕ್ಕದಲ್ಲಿ ಬಾಚುತ್ತಿದ್ದ ಹುಡುಗ ತನ್ನ ಹಾಗೇ ಜೀತದವನು ಎಂಬುದನ್ನು ಮರೆಸಿ, ಅವನನ್ನೇ ಎದುರಾಳಿ ಮಾಡಿತು. ಇವತ್ತು ನಮ್ಮ ಜೊತೆ ಓದಿದ ಗೆಳೆಯರು ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಾರೆ. ಮೊಬೈಲಿನಲ್ಲಿ ನಕ್ಷತ್ರ ಬರುತ್ತದೆ, ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಹೆಚ್ಚು ದುಡ್ಡು ಎಂದು ಗುರಿ ಬರುತ್ತದೆ. ಮಳೆಯಲ್ಲಿ, ಸಿಗ್ನಲ್ಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಓಡುತ್ತಾರೆ. ಬೆಲ್ಲದ ಚೂರು ಕೊಟ್ಟಿಗೆಯಿಂದ ಹೊರಟು ಮೊಬೈಲಿನೊಳಕ್ಕೆ ಬಂದು ಕೂತಿದೆ.

ಕಾಲೇಜಿನ ಲೈಬ್ರರಿಯಲ್ಲಿ ಮಾರ್ಕ್ ಟ್ವೈನ್ 1876ರಲ್ಲಿ ಬರೆದ ಟಾಮ್ ಸಾಯರ್ ಓದಿದೆವು. ಬೇಲಿಗೆ ಸುಣ್ಣ ಬಳಿಯುವ ಪ್ರಸಂಗ ಪ್ರಪಂಚಕ್ಕೆಲ್ಲ ಗೊತ್ತು. ಚಿಕ್ಕಮ್ಮ ಹೇಳಿದ ಕೆಲಸವನ್ನು ಟಾಮ್ ದೊಡ್ಡ ಮಜದ ಆಟ ಎಂಬಂತೆ ನಟಿಸುತ್ತಾನೆ. ಊರಿನ ಹುಡುಗರು ಸೇಬು, ಗಾಳಿಪಟ, ಕೊನೆಗೆ ಸತ್ತ ಇಲಿಯನ್ನೂ ಲಂಚ ಕೊಟ್ಟು ಅವನ ಕೆಲಸ ಮಾಡಿಕೊಡುತ್ತಾರೆ. ಎಲ್ಲರೂ ನಕ್ಕು ಇದನ್ನೇ ಉದಾಹರಿಸುತ್ತಾರೆ: ನೋಡಿ, ಕೆಲಸವನ್ನು ಆಟ ಮಾಡಿದರೆ ಹೇಗೆ ಆಗುತ್ತದೆ!

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಹುಡುಗನಿದ್ದಾನೆ. ಹೆಸರು ಜಿಮ್. ಆ ಮನೆಯ ಕೆಲಸದ ಕಪ್ಪು ಹುಡುಗ. ಗುಲಾಮಗಿರಿ ಇದ್ದ ಸೀಮೆಯ, ಗುಲಾಮಗಿರಿ ಇದ್ದ ಕಾಲದ ಕಥೆ ಅದು. ಅವನು ತಗಡಿನ ಬಕೀಟು ಹಿಡಿದು ನೀರಿಗೆ ಹೊರಟಿದ್ದಾನೆ. ಟಾಮ್ ಗೋಲಿಯ ಆಸೆ ತೋರಿಸಿ, ಕಾಲಿನ ಗಾಯ ತೋರಿಸುತ್ತೇನೆಂದು ಹೇಳಿ ಅವನನ್ನು ನಿಲ್ಲಿಸುತ್ತಾನೆ. ಜಿಮ್ ಒಂದು ಗಳಿಗೆ ಬಗ್ಗಿ ನೋಡುತ್ತಾನೆ. ಅಷ್ಟರಲ್ಲಿ ಚಿಕ್ಕಮ್ಮನ ಚಪ್ಪಲಿ ಬೀಳುತ್ತದೆ. ಜಿಮ್ ಬಕೀಟು ಹಿಡಿದು ಓಡುತ್ತಾನೆ. ಆಮೇಲೆ ಬೇಲಿಯ ಆಟ ಶುರುವಾಗುತ್ತದೆ. ಅದರಲ್ಲಿ ಜಿಮ್ ಇಲ್ಲ. ಅದನ್ನು ಓದಿದಾಗ ನಮಗೆ ಬೇಲಿ ಮರೆತುಹೋಯಿತು, ಬಕೀಟು ಉಳಿಯಿತು. ಕೆಲಸವನ್ನು ಆಟ ಮಾಡಿಕೊಳ್ಳುವುದಕ್ಕೂ ಒಂದು ಅಂತಸ್ತು ಬೇಕು. ಟಾಮನಿಗೆ ಸುಣ್ಣ ಬಳಿಯುವುದು ಒಂದು ಶನಿವಾರದ ಶಿಕ್ಷೆ. ಜಿಮನಿಗೆ ನೀರು ತರುವುದು ಹುಟ್ಟಿನ ಜೊತೆಗೇ ಬಂದದ್ದು.

ಹಾಗಾದರೆ ನಮ್ಮವರು ಎಂದೂ ಕೆಲಸವನ್ನು ಆಟ ಮಾಡಿಕೊಳ್ಳಲಿಲ್ಲವೇ? ಮಾಡಿಕೊಂಡರು. ನಮ್ಮಜ್ಜಿ ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತರೆ ಹಾಡಿಲ್ಲದೆ ಕಲ್ಲು ತಿರುಗುತ್ತಿರಲಿಲ್ಲ. ಕಲ್ಲನ್ನೇ ತಾಯಿ ಎನ್ನುವಳು, ತವರಿನ ಸುದ್ದಿ ಹೇಳುವಳು, ಗಂಡನನ್ನು ಬೈಯುವಳು. ಆ ಬೀಸುವ ಪದಗಳನ್ನು ವಿದ್ವಾಂಸರು ಸಂಗ್ರಹಿಸಿ ಪುಸ್ತಕ ಮಾಡಿದರು, ನಾವು ಅದನ್ನು ಪಠ್ಯದಲ್ಲಿ ಓದಿ ಮಾರ್ಕ್ಸು ತೆಗೆದುಕೊಂಡೆವು. ಆ ಹಾಡು ಅಜ್ಜಿಯದೇ. ಬೆಲ್ಲ ತೋರಿಸಿ ಯಾರೂ ಹಾಡಿಸಲಿಲ್ಲ. ಅದು ಅವಳ ಮರ್ಯಾದೆ, ಅವಳ ಹಟ. ಕೈಯನ್ನು ಕಲ್ಲು ಹಿಡಿದಿಟ್ಟರೂ ನಾಲಿಗೆಯನ್ನು ಹಿಡಿಯಲಾರದು ಎಂಬ ಹಟ. ಆದರೆ ಹಾಡಿದೆ ಎಂದು ರಾಗಿ ಹಗುರವಾಗಲಿಲ್ಲ. ಕರೆಂಟಿನ ಮಿಲ್ಲು ಬಂದಾಗ ಅಜ್ಜಿ ಹಾಡು ಹೋಯಿತು ಎಂದು ಅಳಲಿಲ್ಲ; ರಟ್ಟೆ ಉಳಿಯಿತು ಎಂದಳು. ಹಾಡು ಹೋಯಿತು ಎಂದು ಅತ್ತವರು ಎಂದೂ ರಾಗಿ ಬೀಸದವರು.

ಇನ್ನೊಂದು ಮಾತನ್ನೂ ನ್ಯಾಯವಾಗಿ ನೋಡಬೇಕು. ಮಕ್ಕಳಿಗೆ ಕೆಲಸ ಎಂದರೆ ಹೇಸಿಗೆ ಇಲ್ಲ. ಮೂರು ವರ್ಷದ ಕೂಸು ಅವ್ವನ ಕೈಯ ಪೊರಕೆ ಕಿತ್ತುಕೊಂಡು ತಾನೇ ಗುಡಿಸುತ್ತೇನೆ ಎನ್ನುತ್ತದೆ. 1907ರಲ್ಲಿ ಇಟಲಿಯ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ಕೂಲಿಕಾರರ ಮಕ್ಕಳಿಗೆ ಶಾಲೆ ತೆರೆದರು. ಆ ಮಕ್ಕಳು ಆಟಿಕೆಗಳನ್ನು ಬಿಟ್ಟು ನಿಜವಾದ ಕೆಲಸದ ಕಡೆಗೇ ಹೋಗುವುದನ್ನು ಕಂಡರು. ಕೈ ತೊಳೆಯುವುದು, ಗುಡಿಸುವುದು, ಊಟಕ್ಕೆ ತಟ್ಟೆ ಇಡುವುದು. ಮಗುವಿನ ಕೈಗೆ ಹೊಂದುವ ಚಿಕ್ಕ ಪೊರಕೆ ಕೊಟ್ಟರು, ಬಹುಮಾನ ಬೇಡವೆಂದರು. ಆ ಕೇರಿಯಲ್ಲಿ ಶುರುವಾದ ಶಾಲೆ ಇವತ್ತು ನಮ್ಮ ನಗರಗಳಲ್ಲಿ ಹೆಚ್ಚಾಗಿ ಕಾಸಿದ್ದವರ ಶಾಲೆಯಾಗಿದೆ. ಅದು ಬೇರೆ ಮಾತು. ಅವರು ಕಂಡ ಸತ್ಯ ನಮ್ಮ ಅವ್ವಂದಿರಿಗೂ ಗೊತ್ತಿದ್ದದ್ದೇ: ಮಗುವಿಗೆ ಕೆಲಸವೇ ಆಟ.

ಹಾಗಾದರೆ ಕೆಲಸಕ್ಕೆ ಹೇಸಿಗೆ ಹಚ್ಚಿದವರು ಯಾರು? ಮೂರು ವರ್ಷಕ್ಕೆ ಪೊರಕೆ ಹಿಡಿದು ಕುಣಿದ ಮಗು ಹತ್ತು ವರ್ಷಕ್ಕೆ "ಅದು ಅವಳ ಕೆಲಸ" ಎಂದು ಬೆರಳು ತೋರಿಸುವುದನ್ನು ಎಲ್ಲಿ ಕಲಿಯಿತು? 1936ರಲ್ಲಿ ಜಾತಿವಿನಾಶದ ಮಾತಾಡುತ್ತಾ ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟದ್ದು ಇದನ್ನು. ಜಾತಿ ಕೆಲಸಗಳನ್ನು ಹಂಚಿ ಸುಮ್ಮನಾಗುವುದಿಲ್ಲ. ಕೆಲಸ ಮಾಡುವ ಮನುಷ್ಯರನ್ನೇ ಬೇರೆ ಬೇರೆ ಮಾಡಿ ಒಬ್ಬರ ತಲೆಯ ಮೇಲೆ ಒಬ್ಬರನ್ನು ಪೇರಿಸುತ್ತದೆ. ಅಲ್ಲಿ ಸರದಿ ಎಂಬುದಿಲ್ಲ. ಗುಡಿಸುವವರು ಗುಡಿಸುತ್ತಲೇ ಇರಬೇಕು. ಆಟದ ಎರಡನೆಯ ನಿಯಮವನ್ನು ಜಾತಿ ಹುಟ್ಟಿನಲ್ಲೇ ಕೊಂದಿದೆ. ಮನೆಯೊಳಗೆ ಅದೇ ಕೆಲಸವನ್ನು ಗಂಡು-ಹೆಣ್ಣು ಎಂಬ ಭೇದ ಮಾಡುತ್ತದೆ. ನಮ್ಮಕ್ಕನ ಬಿಂದಿಗೆಗೂ ಸರದಿ ಇರಲಿಲ್ಲ.

ಇನ್ನು ಕೆಲವು ಕೆಲಸಗಳಿವೆ. ಅವನ್ನು ಆಟ ಮಾಡುವುದೂ ತಪ್ಪು, ಸರದಿ ಹಾಕುವುದೂ ತಪ್ಪು. ನಿಲ್ಲಿಸಬೇಕು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದನ್ನು ಪವಿತ್ರ ಸೇವೆ ಎಂದು ಹೊಗಳಲಿಲ್ಲ, ಹೊರುವವರಿಗೆ ಬಹುಮಾನ ಇಡಲಿಲ್ಲ. ಬೇಡ ಎಂದರು. ದೇಶದ ಕಾಯಿದೆ 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾಯಿತು. ಆದರೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ತೊಳೆಸಿದ ಸುದ್ದಿ ಬಂತು. ವಿಡಿಯೋ ಹೊರಬಿತ್ತು, ಕೇಸು ಆಯಿತು, ಅಮಾನತುಗಳಾದವು. ಅಕ್ಷರ ಕಲಿಯಲು ಹೋದ ಮಕ್ಕಳು ಗುಂಡಿಯೊಳಗೆ ನಿಂತಿದ್ದರು. ಆ ಗುಂಡಿಗೆ ಯಾವ ನಕ್ಷತ್ರ ಅಂಟಿಸುತ್ತೀರಿ?

ಕಾನೂನು ಏನು ಹೇಳುತ್ತದೆ? 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂತು. 2006ರ ಅಕ್ಟೋಬರಿನಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಾಯಿತು. 2010ರ ಏಪ್ರಿಲಿನಿಂದ ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಡೆಯೂ ನಿಷೇಧಿಸಿತು. ಆದರೆ ಒಂದು ಕಿಂಡಿ ಬಿಟ್ಟಿತು. ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾದರೆ ಮಗು ತನ್ನ ಮನೆಯವರಿಗೆ ನೆರವಾಗಬಹುದು. ಮನೆಯವರು ಎಂದರೆ ತಂದೆತಾಯಿ ಮಾತ್ರವಲ್ಲ. ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪ, ಸೋದರಮಾವ, ಅತ್ತೆ ಎಲ್ಲರೂ. ಓದಲು ಒಳ್ಳೆಯ ಮಾತು. ಆದರೆ ಭಾನುವಾರ ಅವ್ವನ ಜೊತೆ ಬಂದು ಬೇರೆಯವರ ಮನೆ ಗುಡಿಸುವ ಹುಡುಗಿ ಯಾರಿಗೆ ನೆರವಾಗುತ್ತಿದ್ದಾಳೆ? ಅವ್ವನಿಗೆ ಎನ್ನಬಹುದು. ಕಸ ಮಾತ್ರ ಅವ್ವನ ಮನೆಯದಲ್ಲ, ಸಂಬಳವೂ ಒಬ್ಬರದೇ. ಆಟ, ನೆರವು, ಸಂಸ್ಕಾರ: ಮಗುವಿನ ದುಡಿಮೆಗೆ ಎಷ್ಟೊಂದು ಚಂದದ ಹೆಸರುಗಳಿವೆ!

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆ. ನಿಮಗೆ ಒಂದು ಮಾತು. ನಾವು ಓದಿದ ಒಂದು ಶಾಲೆಯಲ್ಲಿ ತರಗತಿ ಗುಡಿಸುವುದಕ್ಕೆ ಸ್ಪರ್ಧೆ ಇತ್ತು, ಚೊಕ್ಕವಾಗಿ ಗುಡಿಸಿದ ಗುಂಪಿಗೆ ಪೆನ್ಸಿಲು. ಗುಂಪು ಮಾಡುವಾಗ ಕಕ್ಕಸು ತೊಳೆಯುವ ಗುಂಪಿಗೆ ಪ್ರತಿ ಸಲವೂ ನಮ್ಮ ಕೇರಿಯ ಹುಡುಗರ ಹೆಸರೇ ಬರುತ್ತಿತ್ತು. ಬೇಕೆಂದು ಮಾಡಿದರೋ, ಅಭ್ಯಾಸದಿಂದ ಬಂತೋ ಗೊತ್ತಿಲ್ಲ. ಅಭ್ಯಾಸದಿಂದ ಬಂದಿದ್ದರೆ ಅದು ಇನ್ನೂ ಭಯ. ನೀರು ಸೇದುವ ಗುಂಪಿಗೆ ನಮ್ಮವರ ಹೆಸರು ಒಂದು ಸಲವೂ ಬರಲಿಲ್ಲ. ಕಾರಣ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪೆನ್ಸಿಲು ಗೆದ್ದಾಗ ನಾವೂ ಕುಣಿದಿದ್ದೇವೆ.

ಶಾಲೆಯ ಕಕ್ಕಸು ತೊಳೆಯಲು ಸರ್ಕಾರ ಸಂಬಳ ಕೊಟ್ಟು, ಸಲಕರಣೆ ಕೊಟ್ಟು ಜನ ಇಡಬೇಕು. ಮಕ್ಕಳ ಕೈಗೆ ಅದು ಹೋಗಲೇಬಾರದು. ತಾನು ಕೂತ ಕೋಣೆಯ ಕಸ ತಾನು ಗುಡಿಸುವುದು ಬೇರೆ. ಅದನ್ನು ಎಲ್ಲ ಮಕ್ಕಳೂ ಕಲಿಯಲಿ, ಹಾಡು ಹೇಳಿಕೊಂಡೇ ಕಲಿಯಲಿ. ಆದರೆ ಪಟ್ಟಿ ಹಾಜರಿ ನಂಬರಿನ ಪ್ರಕಾರ ಇರಲಿ, ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗಿರಲಿ. ಪಟ್ಟಿಯ ಮೊದಲ ಹೆಸರು ಮೇಷ್ಟ್ರದೇ ಇರಲಿ. ಊರಿನ ಯಜಮಾನನ ಮಗ ಪೊರಕೆ ಹಿಡಿದ ದಿನ ಗದ್ದಲವಾಗುತ್ತದೆ. ಆಗಲಿ. ಆ ಗದ್ದಲವೇ ಪಾಠ. ಗದ್ದಲವಾಗದೆ ನಡೆಯುವ ಆಟದಲ್ಲಿ ಹಳೆಯ ನಿಯಮವೇ ನಡೆಯುತ್ತಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಗೆ ವಾಪಸು ಹೋಗಬೇಕು. ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆವು. ಈಗ ಕೇರಿಗೂ ನಲ್ಲಿ ಬಂದಿದೆ, ಆದರೆ ಅವತ್ತು ಮೋಟಾರು ಕೆಟ್ಟು ಮತ್ತೆ ಬೋರ್‌ವೆಲ್ಲೇ ಗತಿಯಾಗಿತ್ತು. ಅಕ್ಕನ ಮಕ್ಕಳು, ಒಂದು ಗಂಡು ಒಂದು ಹೆಣ್ಣು, "ಮಾವ, ಆಟಕ್ಕೆ ಬತ್ತೀಯಾ?" ಅಂದವು. ಅದೇ ಬೇವಿನಮರ. ಅಭ್ಯಾಸ ತಪ್ಪಿದ ಸೊಂಟ, ಹತ್ತು ಹೆಜ್ಜೆಗೇ ತುಳುಕಿತು. ಸೋತೆವು. ಎರಡು ಬಿಂದಿಗೆ ಹೆಚ್ಚಿಗೆ ತರಬೇಕು. ಮೊದಲನೆಯದನ್ನು ಹೊತ್ತು ಬರುವಾಗ ಜಗುಲಿಯ ಮೇಲಿದ್ದ ಅವ್ವ ಎದ್ದು ಬಂದು ಬಿಂದಿಗೆ ಕಿತ್ತುಕೊಂಡಳು. "ಬಿಡಪ್ಪ ಮಗ, ನೋಡ್ದೋರು ಏನಂದಾರು? ಇದ್ಕಾ ನಿನ್ನ ಓದ್ಸಿದ್ದು?" ಅಂದಳು. ಕಣ್ಣಲ್ಲಿ ನೀರಿತ್ತು.

ನಮಗೆ ಮಾತು ಹೊರಡಲಿಲ್ಲ. ಅವ್ವನ ಮಾತು ಸುಳ್ಳಲ್ಲ. ತಲೆಮಾರುಗಳಿಂದ ಹೊತ್ತವರ ಮನೆಯಲ್ಲಿ ಒಬ್ಬ ಹೊರದೆ ನಿಲ್ಲಲಿ ಎಂದು ಅವಳು ಬೆನ್ನು ಮುರಿದುಕೊಂಡಳು. ನಕ್ಷತ್ರದ ಚಾರ್ಟಿನ ಮನೆಯ ಹುಡುಗನಿಗೆ ಪೊರಕೆ ಒಂದು ಆಟ; ಅವ್ವನಿಗೆ ನಮ್ಮ ಸೊಂಟದ ಮೇಲಿನ ಬಿಂದಿಗೆ ಹಿಂದಿನ ದಿನಗಳೇ ತಿರುಗಿ ಬಂದ ಹಾಗೆ. ಆದರೆ ಅವ್ವ ಆ ಬಿಂದಿಗೆಯನ್ನು ನೆಲಕ್ಕಿಡಲಿಲ್ಲ. ಅಕ್ಕನ ಮಗಳ ಕೈಗೆ ಕೊಟ್ಟಳು. ಹತ್ತು ವರ್ಷದ ಹುಡುಗಿ. ಅವಳು ಆಟದಲ್ಲಿ ಗೆದ್ದಿದ್ದಳು.

ನಾವು ಆ ಬಿಂದಿಗೆಯನ್ನು ವಾಪಸು ಇಸಿದುಕೊಂಡೆವು. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಬಹಳ ವರ್ಷ ತಡವಾಗಿ ಮಾಡಿದ ಕೆಲಸ. ಅವ್ವ ಅವತ್ತೆಲ್ಲ ಮುನಿಸಿಕೊಂಡಿದ್ದಳು. ಅಕ್ಕ ಏನೂ ಅನ್ನಲಿಲ್ಲ, ರಾತ್ರಿ ಮುದ್ದೆ ಬಡಿಸುವಾಗ ಒಂದು ಮುದ್ದೆ ಹೆಚ್ಚಿಗೆ ಇಟ್ಟಳು. ಅಕ್ಕನ ಮಗನನ್ನು ಮಾರನೆಯ ಬೆಳಿಗ್ಗೆ ನೀರಿಗೆ ಕಳಿಸಿ ಎಂದು ಹೇಳಿ ಬಂದಿದ್ದೇವೆ. ಕಳಿಸಿದರೋ ಇಲ್ಲವೋ ಮುಂದಿನ ಸಲ ಹೋದಾಗ ಕೇಳಬೇಕು.

ಗೆಳೆಯರೇ, ಕ್ರಾಂತಿಯ ಹಾಡು ಹಾಡಿ ಮನೆಗೆ ಹೋಗುವ ನಾವು ಕೈ ತೊಳೆಯಲು ನೀರು ಕೇಳುವಾಗ ಆ ನೀರು ಯಾರ ಸೊಂಟದ ಮೇಲೆ ಬಂತು ಎಂದು ಒಂದು ಸಲ ನೋಡಬೇಕು. ಮಕ್ಕಳಿಗೆ ಕೆಲಸ ಕಲಿಸೋಣ, ಆಟವಾಗಿಯೇ ಕಲಿಸೋಣ. ಆದರೆ ಸೋಲುವವರು ಯಾರು ಎಂದು ಮೊದಲೇ ತೀರ್ಮಾನವಾಗಿರುವ ಆಟವನ್ನು ನಮ್ಮ ಮನೆಯಲ್ಲಿ ಆಡುವುದು ಬೇಡ, ಊರಿನಲ್ಲಿ ಆಡಿಸುವುದಕ್ಕೂ ಬಿಡುವುದು ಬೇಡ.